ಗುಣಿಸಿ ತೋರಿಸಿ

ಪ್ರಿಯರೇ,

ನೀವು ಉಡುಪಿಯಿಂದ ಅಚ್ಚಿಗೆಂದು ಕಳಿಸಿದ ‘ಲೀ ಆಲ್ಜೀಬ್ರಾ ಮತ್ತು ರಿಂಗ್‌ಗಳು’ ಲೇಖನ ಓದಿದೆ. (ರಿಂಗ್ ಅಂದರೆ ಕೂಡಲು, ಕಳೆಯಲು, ಗುಣಿಸಲು ಬರುವ ವ್ಯವಸ್ಥೆ.) ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೇ ಸಂತೋಷ. ಭಾಷೆಯೂ ಸಲೀಸಾಗಿದೆ. ಆದರೆ ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಹೇಳುತ್ತೇನೆ.

“ಎರಡು ರೆಪ್ರೆಸೆಂಟೇಶನ್‌ಗಳನ್ನು ಟೆನ್ಸರ್ ಮಾಡಿದರೆ ಮೂರನೆಯದು ಸಿಗುತ್ತದೆ, ಹೀಗೆ ರಿಂಗ್ ಆಗುತ್ತದೆ” ಎಂದು ಬರೆದಿದ್ದೀರಿ. ರೆಪ್ರೆಸೆಂಟೇಶನ್ ಅಂದರೆ ಲೀ ಆಲ್ಜೀಬ್ರಾವನ್ನು ಮ್ಯಾಟ್ರಿಕ್ಸ್‌ಗಳಾಗಿ ತೋರಿಸುವುದು, ಟೆನ್ಸರ್ ಅಂದರೆ ಅವುಗಳ ಗುಣಾಕಾರ. ಸಿಗುತ್ತದೆ, ನಿಜ. ಆದರೆ ಸಿಕ್ಕಿದ್ದು ಇಡಿಯಾಗಿ ಉಳಿಯದೆ ಒಡೆಯುತ್ತದೆ ಅಲ್ವಾ? ಹೇಗೆ ಒಡೆಯುತ್ತದೆ ಅನ್ನುವುದೇ ಇಲ್ಲಿನ ಸ್ವಾರಸ್ಯ. ನೀವು ಒಂದೇ ಒಂದು ಉದಾಹರಣೆಯನ್ನೂ ಕೊಟ್ಟಿಲ್ಲ. ಎಸ್‌ಎಲ್-2, ಅಂದರೆ ಕರ್ಣದ ಮೊತ್ತ ಸೊನ್ನೆಯಾಗುವ 2×2 ಮ್ಯಾಟ್ರಿಕ್ಸ್‌ಗಳ ಲೀ ಆಲ್ಜೀಬ್ರಾ, ಸಾಕಿತ್ತು. ಅದರ 3 ಆಯಾಮದ ರೆಪ್ರೆಸೆಂಟೇಶನ್ನಿನ ವೆಯ್ಟ್‌ಗಳು, ಅಂದರೆ ಅದನ್ನು ಗುರುತಿಸುವ ಸಂಖ್ಯೆಗಳು, 2, 0, −2. 2 ಆಯಾಮದ್ದಕ್ಕೆ 1, −1. ಇದರ ಒಂದೊಂದಕ್ಕೂ ಅದರ ಒಂದೊಂದನ್ನು ಕೂಡಿಸಿ: 3, 1, 1, −1, −1, −3. ಎಲ್ಲಕ್ಕಿಂತ ದೊಡ್ಡದು 3. ಅದರಿಂದ ಎರಡೆರಡೇ ಇಳಿಯುವ ಬಳಗವಾದ 3, 1, −1, −3 ತೆಗೆದಿಡಿ. ಉಳಿದದ್ದು 1, −1. ಅಂದರೆ 4 ಆಯಾಮದ್ದೊಂದು, 2 ಆಯಾಮದ್ದೊಂದು. ಹೀಗೆ ಪೂರ್ತಿ ಒಡೆದುಕೊಳ್ಳುತ್ತದೆ ಎಂಬ ಭರವಸೆ ಕೊಡುವುದು ಗಣಿತಜ್ಞ ಹರ್ಮನ್ ವೈಲ್ ಅವರ ಪ್ರಮೇಯ. ‘ಸೆಮಿಸಿಂಪಲ್’ (ಸಿಂಪಲ್ ಲೀ ಆಲ್ಜೀಬ್ರಾಗಳ ಮೊತ್ತ ಎಂಬ ಷರತ್ತು) ಕೆಲಸಕ್ಕೆ ಬರುವುದು ಅಲ್ಲೇ. ನೀವು ಆ ಪದವನ್ನು ಸುಮ್ನೆ ಬಳಸಿ ಮುಂದೆ ಹೋಗಿದ್ದೀರಿ.

ಮುಂದಿನ ಸಾಲು: “ಇಲ್ಲಿ ಕಳೆಯಲೂ ಬಹುದು.” ಏನನ್ನು ಕಳೆಯುವುದು? ಮೈನಸ್ ರೆಪ್ರೆಸೆಂಟೇಶನ್ ಎಂಬ ವಸ್ತು ಎಲ್ಲೂ ಇಲ್ಲ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ನಾವು ಸೇರಿಸಿಕೊಂಡದ್ದು ಅದು. ಸೇರಿಸಿಕೊಂಡಿದ್ದಕ್ಕೆ ಸಿಕ್ಕ ಲಾಭ ನೋಡಿ. 2 ಆಯಾಮದ್ದನ್ನು ಎಕ್ಸ್ ಎನ್ನಿ. ಅದನ್ನು ಅದರಿಂದಲೇ ಗುಣಿಸಿದರೆ 3 ಆಯಾಮದ್ದೂ 1 ಆಯಾಮದ್ದೂ ಬರುತ್ತವೆ; ಆಗ 3 ಆಯಾಮದ್ದು ಎಕ್ಸ್² − 1, 4 ಆಯಾಮದ್ದು ಎಕ್ಸ್³ − 2ಎಕ್ಸ್. ಎಕ್ಸ್ ಇದ್ದಲ್ಲಿ 2 ಹಾಕಿದರೆ ಆಯಾಮ ಸರಿಯಾಗಿ ಬರುತ್ತದೆ. ಇಡೀ ರಿಂಗ್ ಒಂದೇ ಚಲಕದ ಪಾಲಿನಾಮಿಯಲ್‌ಗಳಲ್ಲಿ ಮುಗಿಯಿತು! ಇಷ್ಟು ಚೆಂದದ ವಿಷಯವನ್ನು ಓದುಗರಿಗೆ ಯಾಕೆ ಬಚ್ಚಿಟ್ಟಿರಿ?

ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುವಾಗ ನಮ್ಮ ಮೇಷ್ಟ್ರು ಎಸ್‌ಎಲ್-3ರ (ಅದೇ ರೀತಿಯ 3×3 ಮ್ಯಾಟ್ರಿಕ್ಸ್‌ಗಳದ್ದು) 8 ಆಯಾಮದ ರೆಪ್ರೆಸೆಂಟೇಶನ್ನನ್ನು ಅದರಿಂದಲೇ ಗುಣಿಸಲು ಹೇಳಿದ್ದರು. ಪುಸ್ತಕ ಮುಟ್ಟುವ ಹಾಗಿಲ್ಲ. 64 ವೆಯ್ಟ್‌ಗಳು. ಷಡ್ಭುಜ ಬರೆದು, ಚುಕ್ಕೆಗಳ ಪಕ್ಕ ಸಂಖ್ಯೆ ಹಾಕಿ, ಒಂದೊಂದೇ ಬಳಗವನ್ನು ಹೊಡೆದುಹಾಕುತ್ತಾ ಹೋದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣಕ್ಕೆ ವಾಪಸು ಬರುವ ಬಸ್ಸಿನಲ್ಲೂ ನೋಟ್‌ಬುಕ್ ತೊಡೆಯ ಮೇಲೇ ಇತ್ತು. ಸಿಕ್ಕ ತುಂಡುಗಳ ಆಯಾಮ 27, 10, ಮತ್ತೊಂದು 10, 8, ಪುನಃ 8, ಕೊನೆಗೆ 1. ಆ 8 ಎರಡು ಸಲ ಬಂದಾಗ ಆದ ಖುಷಿ ಈಗಲೂ ನೆನಪಿದೆ. ಒಂದೇ ತುಂಡು ಎರಡು ಸಲ ಬರಬಹುದು ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಆ ಖುಷಿ ನಿಮ್ಮ ಓದುಗರಿಗೂ ಸಿಗಬೇಕು ಎಂದೇ ಇಷ್ಟು ಹಟ ಹಿಡಿದಿದ್ದೇನೆ.

ಇನ್ನೊಂದು. “ಇದೇ ರಿಂಗನ್ನು ಹರೀಶ್‌ಚಂದ್ರ 1951ರಲ್ಲಿ ವಿವರಿಸಿದರು.” ಅಲ್ಲ. ಆ ಗಣಿತಜ್ಞರು ವಿವರಿಸಿದ್ದು ಯೂನಿವರ್ಸಲ್ ಎನ್ವೆಲಪಿಂಗ್ ಆಲ್ಜೀಬ್ರಾದ ಸೆಂಟರ್: ಲೀ ಆಲ್ಜೀಬ್ರಾದ ಅಂಶಗಳನ್ನು ಗುಣಿಸಿ ಕಟ್ಟಿದ ದೊಡ್ಡ ಆಲ್ಜೀಬ್ರಾದಲ್ಲಿ, ಯಾವುದರ ಜೊತೆ ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಬದಲಾಗದ ಅಂಶಗಳು. ನೀವು ಎಡವಿದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಎರಡೂ ಪಾಲಿನಾಮಿಯಲ್ ರಿಂಗ್‌ಗಳೇ, ಎರಡರಲ್ಲೂ ರ‍್ಯಾಂಕ್ (ಎಸ್‌ಎಲ್-2ಕ್ಕೆ 1, ಎಸ್‌ಎಲ್-3ಕ್ಕೆ 2) ಎಷ್ಟೋ ಅಷ್ಟೇ ಚಲಕಗಳು. ಆದರೆ ರೆಪ್ರೆಸೆಂಟೇಶನ್‌ಗಳ ರಿಂಗಿನ ಗುಣಾಕಾರ ಟೆನ್ಸರ್, ಗುಣಾಂಕಗಳು ಪೂರ್ಣಾಂಕಗಳು. ಅರ್ಧ ರೆಪ್ರೆಸೆಂಟೇಶನ್‌ಗೆ ಅಲ್ಲಿ ಜಾಗವಿಲ್ಲ. ಸೆಂಟರ್‌ನಲ್ಲಿ ಇರುವುದು ಆಪರೇಟರುಗಳಂಥವು, ಅಲ್ಲಿ ಕಾಂಪ್ಲೆಕ್ಸ್ ಸಂಖ್ಯೆಗಳಿಂದ ಧಾರಾಳವಾಗಿ ಗುಣಿಸಬಹುದು. ಎಸ್‌ಎಲ್-2ರ ಸೆಂಟರ್‌ನಲ್ಲಿರುವ ಕ್ಯಾಸಿಮಿರ್ ಎಂಬ ಅಂಶ ತಕ್ಕ ಅಳತೆಯಲ್ಲಿ 2 ಆಯಾಮದ್ದರ ಮೇಲೆ 3 ಆಗಿ, 3 ಆಯಾಮದ್ದರ ಮೇಲೆ 8 ಆಗಿ ಕೆಲಸ ಮಾಡುತ್ತದೆ. ಅದು ರೆಪ್ರೆಸೆಂಟೇಶನ್‌ಗಳನ್ನು ಗುರುತು ಹಿಡಿಯುತ್ತದೆ, ಕೂಡಿಸಿ ಗುಣಿಸುವುದಿಲ್ಲ. ಹರೀಶ್‌ಚಂದ್ರ ನಮ್ಮ ಬೆಂಗಳೂರಿನಲ್ಲಿ ಭೌತವಿಜ್ಞಾನಿ ಹೋಮಿ ಭಾಭಾ ಅವರ ಹತ್ತಿರ ಕಲಿತವರು. ಅವರ ಕೆಲಸದ ಬಗ್ಗೆ ಕನ್ನಡದಲ್ಲೇ ತಪ್ಪು ಅಚ್ಚಾಗುವುದು ನನಗೆ ಸಹಿಸದು.

ಆ ಪುಟವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಎಸ್‌ಎಲ್-3ರಲ್ಲಿ 3ನ್ನು 3ರಿಂದ ಗುಣಿಸಿದರೆ 6 ಮತ್ತು 3ರ ಡ್ಯುಯಲ್ (ವೆಯ್ಟ್‌ಗಳ ಚಿಹ್ನೆ ತಿರುಗಿಸಿದ 3) ಬರುತ್ತದಲ್ಲ, ಅದನ್ನು ಚಿತ್ರ ಸಮೇತ ಸೇರಿಸಿ. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ನಾನು ಮಾಡಿಕೊಡುತ್ತೇನೆ.