ಬಾಳೆಮೀನು ಹಗಲು ಗಾಳ ಮೂಸಲ್ಲ ಯಾಕೆ?

ಪ್ರಶ್ನೆ: ರಜೆಯಲ್ಲಿ ತುಂಗಾ ಹೊಳೆಗೆ ಗಾಳ ಹಾಕಲು ಹೋಗುತ್ತೇವೆ. ಎರೆಹುಳಕ್ಕೆ ಗಿರ್ಲು, ಚಿಕ್ಕಪುಟ್ಟ ಮೀನು ಬೀಳುತ್ತವೆ. ಬಾಳೆಮೀನು ಮಾತ್ರ ಹಗಲು ಮೂಸಿಯೂ ನೋಡಲ್ಲ. ಮೊನ್ನೆ ರಾತ್ರಿ ಕಪ್ಪೆ ಸಿಕ್ಕಿಸಿದ ಗಾಳಕ್ಕೆ ದೊಡ್ಡದೊಂದು ಬಿತ್ತು. ಕೊಯ್ದು ನೋಡಿದರೆ ಹೊಟ್ಟೆ ಖಾಲಿ! ಇದು ತಿನ್ನುವುದಾದರೂ ಏನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಚಿಪ್ಪಲಗುಡ್ಡೆ ಮತ್ಸ್ಯಧಾಮದ ಹತ್ತಿರ ಗಾಳ ಬಿಟ್ಟಿಲ್ಲ ತಾನೇ? ಅಲ್ಲಿ ಮೀನು ಮುಟ್ಟುವ ಹಾಗಿಲ್ಲ.

ಬಾಳೆ ಹಗಲೆಲ್ಲ ಆಳದ ಗುಂಡಿಯಲ್ಲೋ, ದಂಡೆಯಡಿಯ ಪೊಟರೆಯಲ್ಲೋ ಸುಮ್ನೆ ಬಿದ್ದಿರುತ್ತದೆ. ಕತ್ತಲಾದ ಮೇಲೇ ಅದರ ಊಟ. ಮುಖ್ಯವಾಗಿ ಮೀನು. ಜೊತೆಗೆ ಕಪ್ಪೆ, ಸೀಗಡಿ, ಸಿಕ್ಕಿದರೆ ಏಡಿ. ಎರೆಹುಳಕ್ಕಾಗಿ ಅದು ಪೊಟರೆ ಬಿಟ್ಟು ಬರುವುದು ಅಪರೂಪ.

ಮುಂದಿನ ಸಲ ಸಿಕ್ಕಾಗ ಬಾಯಿ ಸರಿಯಾಗಿ ನೋಡಿ. ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಒಳಗೆ ಸೂಜಿಮೊನೆಯಂಥ ಸಣ್ಣ ಹಲ್ಲುಗಳು ಒತ್ತೊತ್ತಾಗಿ ಪಟ್ಟಿಯ ಹಾಗೆ ಇರುತ್ತವೆ, ತುದಿಗಳೆಲ್ಲ ಗಂಟಲ ಕಡೆಗೆ ಬಾಗಿರುತ್ತವೆ. ಬೆರಳು ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆ ಎಳೆದರೆ ಚರ್ಮ ಕಿತ್ತು ಬರುತ್ತದೆ. ಅಂದರೆ ಈ ಹಲ್ಲು ಅಗಿಯೋಕಲ್ಲ, ಹಿಡಿದದ್ದು ಜಾರದ ಹಾಗೆ ನೋಡಿಕೊಳ್ಳೋಕೆ. ಬಾಯಿ ತಟ್ಟನೆ ತೆರೆದಾಗ ನೀರು ನುಗ್ಗುತ್ತದೆ, ನೀರಿನ ಜೊತೆ ಮೀನೂ ಒಳಗೆ. ಇಡಿಯಾಗಿ ನುಂಗುತ್ತದೆ.

ಹೊಟ್ಟೆ ಖಾಲಿಯಿದ್ದದ್ದಕ್ಕೆ ಆಶ್ಚರ್ಯ ಬೇಡ. ಒಂದು ದೊಡ್ಡ ಮೀನು ನುಂಗಿದರೆ ಅದು ಕರಗುವ ತನಕ ಬಾಳೆಗೆ ಗಡಿಬಿಡಿಯಿಲ್ಲ. ನಿಮ್ಮ ಗಾಳಕ್ಕೆ ಬಿದ್ದದ್ದು ಹಸಿದದ್ದೇ ಇರಬೇಕು. ಇಲ್ಲವೇ ಎಳೆದಾಟದಲ್ಲಿ ಕಕ್ಕಿರಬಹುದು. ದೋಣಿಗೆ ಎಳೆದು ಹಾಕಿದ ಬಾಳೆಯೊಂದು ಅರ್ಧ ಕರಗಿದ ಗಿರ್ಲನ್ನು ಕಕ್ಕಿದ್ದು ನಾನೇ ಕಂಡಿದ್ದೇನೆ. ಗಿರ್ಲಿನ ತಲೆ ಲೊಳಲೊಳ ಅಂತಿತ್ತು, ಬಾಲ ಹಾಗೇ ಇತ್ತು. ತಲೆ ಕಡೆಯಿಂದ ನುಂಗಿತ್ತು ಅಂತಾಯ್ತಲ್ಲ! ಬಾಲದಿಂದ ಶುರುಮಾಡಿದ್ದರೆ ಗಿರ್ಲಿನ ಬೆನ್ನುಮುಳ್ಳು ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು.

ಕತ್ತಲಲ್ಲಿ ಹೇಗೆ ಹುಡುಕುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನಗೆ ಬಹಳ ಇಷ್ಟವಾದ ಭಾಗ ಇದೇ. ಬಾಳೆಗೆ ಎರಡು ಜೊತೆ ಮೀಸೆ. ಮೇಲಿನವು ಹೊಟ್ಟೆಯನ್ನೂ ದಾಟುವಷ್ಟು ಉದ್ದ, ಕೆಳಗಿನವು ಗಿಡ್ಡ. ಮೀಸೆಮೀನುಗಳಿಗೆ ರುಚಿ ಗೊತ್ತಾಗುವುದು ನಾಲಿಗೆಯಲ್ಲಷ್ಟೇ ಅಲ್ಲ, ಮೀಸೆಯಲ್ಲಿ, ಮೈಚರ್ಮದಲ್ಲೂ. ಬಾಳೆಯ ಮೈಗೆ ಪೊರೆ ಬೇರೆ ಇಲ್ಲ. ಕಿವಿಯೂ ಚುರುಕು. ಗಾಳಿಚೀಲಕ್ಕೂ ಕಿವಿಗೂ ನಡುವೆ ಪುಟ್ಟ ಮೂಳೆಗಳ ಕೊಂಡಿ ಇದ್ದು, ನೀರಿನ ಸದ್ದನ್ನು ಮುಟ್ಟಿಸುತ್ತವೆ. ಆಷಾಢದ ಕೆನ್ನೀರಲ್ಲಿ ನಮಗೆ ಅಂಗೈ ಕಾಣದಿದ್ದರೂ ಬಾಳೆಗೆ ಊಟಕ್ಕೆ ತೊಂದರೆಯಿಲ್ಲ.

ಆದರೆ ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಬಾಳೆ ಸಿಕ್ಕರೆ ಹೊಳೆಗೇ ಬಿಡಿ. ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಸಿಕ್ಕಿದ ಮೀನು ಅಂತ ಸೇರಿದೆ. ಮೊದಲಿನಷ್ಟು ಈಗ ಎಲ್ಲಿವೆ ಹೇಳಿ?

ಪ್ರಶ್ನೆ: ಬಾಳೆಮೀನಿನ ಮರಿ ತಂದು ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಜೊತೆ ಬಿಡಬಹುದಾ?
– ಹೊಸನಗರದ ಓದುಗರು

ಉತ್ತರ: ಬೇಡ ಮಾರಾಯ್ರೇ. ಮರಿಯಿದ್ದಾಗ ಹುಳುಹುಪ್ಪಟೆ ತಿಂದುಕೊಂಡು ಸಾಧುವಾಗಿರುತ್ತದೆ. ಸ್ವಲ್ಪ ಬಲಿತರೆ ನಿಮ್ಮ ಕಾಟ್ಲಾ ಮರಿಗಳೇ ಅದರ ಬುತ್ತಿ. ಅದೂ ಸಾಲದಿದ್ದರೆ ತನ್ನ ಜೊತೆ ಹುಟ್ಟಿದ ಚಿಕ್ಕವನ್ನೇ ನುಂಗುತ್ತದೆ. ಕಾಟ್ಲಾ, ರೋಹು ಸಾಕುವುದಾದರೆ ಅವುಗಳ ಜೊತೆ ಸಾಮಾನ್ಯ ಗೆಂಡೆ ಬಿಡಿ.