ಗೋಲ್ಡನ್ ಸ್ಪೈಕ್ಸ್ ಗೆದ್ದವರೆಲ್ಲ ಮುಂದೆ ಸ್ಟಾರ್ ಆಗುತ್ತಾರಾ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿ ವರ್ಷದ ಅತ್ಯುತ್ತಮ ಹವ್ಯಾಸಿ ಬೇಸ್‌ಬಾಲ್ ಆಟಗಾರನಿಗೆ ಗೋಲ್ಡನ್ ಸ್ಪೈಕ್ಸ್ ಅಂತ ಪ್ರಶಸ್ತಿ ಕೊಡುತ್ತಾರಲ್ಲ, ಅದನ್ನು ಗೆದ್ದವನು ಮೇಜರ್ ಲೀಗ್‌ನಲ್ಲಿ (ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್) ಹೆಸರು ಮಾಡೋದು ಗ್ಯಾರಂಟಿನಾ, ಗೆದ್ದವರಲ್ಲಿ ನಿಮಗೆ ಇಷ್ಟ ಯಾರು? ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ ಜಿಮ್ ಆಬಟ್. ಈಗ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾನು ಕ್ರಿಕೆಟ್ ನೋಡಿ ಬೆಳೆದವನು. ಕೆಲಸಕ್ಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬಂದ ಮೇಲೆ, 2010ರಲ್ಲಿ, ಆಫೀಸಿನವರ ಕಾಟ ತಾಳಲಾರದೆ ಜೈಂಟ್ಸ್ ತಂಡದ ಆಟ ನೋಡಲು ಕೂತೆ. ಆ ವರ್ಷವೇ ಅವರು ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗಿನ ಫೈನಲ್ ಸರಣಿ, ಗೆದ್ದುಬಿಟ್ಟರು, ನಾನು ಸಿಕ್ಕಿಹಾಕಿಕೊಂಡೆ. ಆ ತಂಡದಲ್ಲಿ ಗೋಲ್ಡನ್ ಸ್ಪೈಕ್ಸ್ ಗೆದ್ದವರು ಮೂವರಿದ್ದರು: ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಟಿಮ್ ಲಿನ್ಸೆಕಮ್ (2006), ಅವನ ಎಸೆತ ಹಿಡಿಯುತ್ತಿದ್ದ ಕ್ಯಾಚರ್ ಬಸ್ಟರ್ ಪೋಸಿ (2008), ಔಟ್‌ಫೀಲ್ಡ್‌ನಲ್ಲಿ ಪ್ಯಾಟ್ ಬರೆಲ್ (1998). ಲಿನ್ಸೆಕಮ್ ಕೊನೆಯ ಪಂದ್ಯ ಗೆಲ್ಲಿಸಿಕೊಟ್ಟ. ಬರೆಲ್ ಇಡೀ ಸೀರೀಸ್‌ನಲ್ಲಿ ಲೆಕ್ಕಕ್ಕೆ ಬಂದ 13 ಸರದಿಯಲ್ಲಿ ಒಂದೂ ಹಿಟ್ (ಹೊಡೆದು ಬೇಸ್ ತಲುಪುವುದು) ಹೊಡೆಯಲಿಲ್ಲ, ಅದರಲ್ಲಿ 11 ಸಲ ಸ್ಟ್ರೈಕ್‌ಔಟ್, ಅಂದರೆ ಚೆಂಡನ್ನು ಸರಿಯಾಗಿ ಹೊಡೆಯಲಾಗದೆಯೇ ಔಟ್! ಪ್ರಶಸ್ತಿ ಅದೇ, ತಂಡ ಅದೇ, ವಾರವೂ ಅದೇ. ಗ್ಯಾರಂಟಿ ಎಲ್ಲಿಂದ ಬರಬೇಕು?

ಸ್ಪೈಕ್ಸ್ ಅಂದರೆ ಬೂಟಿನ ಅಡಿಯ ಮೊಳೆ, ನಮ್ಮ ಫಾಸ್ಟ್ ಬೌಲರ್‌ಗಳ ಬೂಟಿನಲ್ಲಿ ಇರುತ್ತದಲ್ಲ, ಆ ಜಾತಿಯದೇ. ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಯ ಪ್ರಶಸ್ತಿ ಇದು, 1978ರಲ್ಲಿ ಶುರುವಾಯಿತು. ಪತ್ರಕರ್ತರು, ಊರೂರು ಸುತ್ತಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು, ಹಿಂದೆ ಗೆದ್ದವರು ಮತ ಹಾಕುತ್ತಾರೆ, ಅಭಿಮಾನಿಗಳ ಮತಕ್ಕೂ ಚೂರು ಪಾಲಿದೆ. ಹವ್ಯಾಸಿ ಅಂದ ತಕ್ಷಣ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಆಡುವವರು ಅಂದುಕೊಳ್ಳಬೇಡಿ. ಹೈಸ್ಕೂಲ್ ಹುಡುಗರಿಗೂ ಅವಕಾಶ ಇದೆ, ಆದರೆ ಇದುವರೆಗೆ ಗೆದ್ದವರೆಲ್ಲ ಕಾಲೇಜಿನವರೇ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ದುಡ್ಡೂ ಮಾಡಬಹುದು, ಹಾಗಾಗಿ ಈ ಹವ್ಯಾಸಿ ಅನ್ನೋ ಪದ ಈಗ ಸ್ವಲ್ಪ ತಮಾಷೆಯಾಗಿಯೇ ಕೇಳುತ್ತದೆ.

ಗ್ಯಾರಂಟಿ ಅನ್ನೋ ಭ್ರಮೆಗೆ ಮೊದಲ ವಿಜೇತನೇ ಕಾರಣ ಅಂತ ನನ್ನ ಅನುಮಾನ. 1978ರಲ್ಲಿ ಅರಿಝೋನಾ ಸ್ಟೇಟ್‌ನ ಬಾಬ್ ಹಾರ್ನರ್ ಗೆದ್ದ. ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲು ಕರೆದ ಹೆಸರೂ ಅವನದೇ. ಸಾಮಾನ್ಯವಾಗಿ ಎಲ್ಲರೂ ಕೆಳಹಂತದ ಮೈನರ್ ಲೀಗ್‌ನಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಅಲೆಯಬೇಕು, ಇವನು ನೆಟ್ಟಗೆ ಅಟ್ಲಾಂಟಾ ಬ್ರೇವ್ಸ್ ತಂಡಕ್ಕೆ ಹೋದ, ಮೊದಲ ಪಂದ್ಯದಲ್ಲೇ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ, ಅದೇ ವರ್ಷ ಲೀಗಿನ ಅತ್ಯುತ್ತಮ ಹೊಸಬ ಅನ್ನಿಸಿಕೊಂಡ. ಇಂಥ ಬೋಣಿ ಆದ ಮೇಲೆ ಜನ ಪ್ರತಿ ವರ್ಷವೂ ಇದನ್ನೇ ಕಾಯುತ್ತಾರೆ ಅಲ್ವಾ?

ಆದರೆ ನಾಲ್ಕೇ ವರ್ಷಕ್ಕೆ, 1982ರಲ್ಲಿ, ಆಗಿ ಶ್ಮಿಟ್ ಗೆದ್ದ. ಡ್ರಾಫ್ಟ್‌ನಲ್ಲಿ ಎರಡನೆಯ ಹೆಸರಾಗಿ ಟೊರಾಂಟೊ ತಂಡ ಆರಿಸಿಕೊಂಡಿತು. ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ವಿಸ್ಕಾನ್ಸಿನ್‌ನ ಕೆನೋಶಾದ ಕಾರ್ಥೇಜ್ ಕಾಲೇಜಿನಲ್ಲಿ ಕೋಚ್ ಆಗಿ ದಶಕಗಳ ಕಾಲ ಹುಡುಗರನ್ನು ತಯಾರು ಮಾಡಿದ. 2000ದಲ್ಲಿ ಗೆದ್ದ ಸೌತ್ ಕ್ಯಾರೊಲೈನಾದ ಪಿಚರ್ ಕಿಪ್ ಬೌಕ್‌ನೈಟ್ ಆ ಸೀಸನ್‌ನಲ್ಲಿ 17 ಪಂದ್ಯ ಗೆಲ್ಲಿಸಿ ಒಂದೇ ಒಂದು ಸೋತಿದ್ದ. ಅವನಿಗೂ ಮೇಜರ್ ಲೀಗ್ ಬಾಗಿಲು ತೆರೆಯಲಿಲ್ಲ.

ಯಾಕೆ ಹೀಗೆ ಅಂದರೆ, ಈ ಪ್ರಶಸ್ತಿ ಹಿಂದಕ್ಕೆ ನೋಡುತ್ತದೆ, ಡ್ರಾಫ್ಟ್ ಮುಂದಕ್ಕೆ ನೋಡುತ್ತದೆ. ಈ ವರ್ಷ ಯಾರು ಚೆನ್ನಾಗಿ ಆಡಿದ ಅನ್ನೋದು ಒಂದು ಪ್ರಶ್ನೆ, ಐದು ವರ್ಷ ಬಿಟ್ಟು ಯಾರು ಚೆನ್ನಾಗಿ ಆಡುತ್ತಾನೆ ಅನ್ನೋದು ಬೇರೆಯದೇ ಪ್ರಶ್ನೆ. 2021ರ ಕೆವಿನ್ ಕಾಪ್ಸ್‌ನನ್ನು ನೋಡಿ. ಅರ್ಕಾನ್ಸಾ ಯೂನಿವರ್ಸಿಟಿಯ ಪಿಚರ್, 12 ಗೆಲುವು, 1 ಸೋಲು, ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ ಒಂದು ರನ್ ಕೂಡ ಕೊಟ್ಟಿರಲಿಲ್ಲ. ದೇಶದಲ್ಲೇ ಬೆಸ್ಟ್ ಅಂತ ಪ್ರಶಸ್ತಿ ಬಂತು. ಆದರೆ ವಯಸ್ಸು ಆಗಲೇ 24. ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿನವರೆಗೆ ಕಾಯಬೇಕಾಯಿತು.

ಇನ್ನೊಂದು ಕಾರಣ ಬ್ಯಾಟು. ಕಾಲೇಜಿನಲ್ಲಿ 1974ರಿಂದ ಅಲ್ಯೂಮಿನಿಯಂ ಬ್ಯಾಟಿಗೆ ಅನುಮತಿ ಇದೆ, ಪ್ರೊಫೆಷನಲ್ ಆದರೆ ಮರದ್ದೇ ಹಿಡಿಯಬೇಕು. ಲೋಹದ ಬ್ಯಾಟಿನಿಂದ ಚೆಂಡು ಚಿಮ್ಮುವ ರೀತಿಯೇ ಬೇರೆ. 2011ರಲ್ಲಿ ನಿಯಮ ಬಿಗಿ ಮಾಡಿ ಆ ಚಿಮ್ಮುವಿಕೆಯನ್ನು ತಗ್ಗಿಸಿದರು. ಅದಕ್ಕೇ 2010ರ ಬ್ರೈಸ್ ಹಾರ್ಪರ್ ಕಥೆ ನನಗೆ ಮಜಾ ಅನ್ನಿಸುತ್ತದೆ. ಹುಡುಗನಿಗೆ ಆಗ 17. ಹೈಸ್ಕೂಲ್ ಪೂರ್ತಿ ಮಾಡದೆ ಅದಕ್ಕೆ ಸಮಾನವಾದ ಪರೀಕ್ಷೆ ಕಟ್ಟಿ, ಒಂದು ವರ್ಷ ಮೊದಲೇ ಡ್ರಾಫ್ಟ್‌ಗೆ ಅರ್ಹನಾಗಲು ನೆವಾಡಾದ ಎರಡು ವರ್ಷದ ಕಾಲೇಜೊಂದಕ್ಕೆ ಸೇರಿಕೊಂಡ. ಆ ಕಾಲೇಜು ಆಡುತ್ತಿದ್ದ ಲೀಗಿನಲ್ಲಿ ಮರದ ಬ್ಯಾಟೇ. ಕಾಲೇಜಿನ ಹಳೆಯ ದಾಖಲೆ ಒಂದು ಸೀಸನ್‌ಗೆ 12 ಹೋಮ್ ರನ್, ಇವನು ಹೊಡೆದದ್ದು 31. ಇದನ್ನು ಕಂಡ ಮೇಲೆ ಸ್ಕೌಟ್‌ಗಳಿಗೆ ಬೇರೆ ಸಾಕ್ಷಿ ಏನು ಬೇಕು?

ಪಿಚರ್‌ಗಳ ಕಥೆ ಮಾತ್ರ ಹೊಟ್ಟೆ ಉರಿಸುತ್ತದೆ. 2009ರ ವಿಜೇತ ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರಲ್ಲಿ ತನ್ನ ಮೊದಲ ಮೇಜರ್ ಲೀಗ್ ಪಂದ್ಯದಲ್ಲಿ 14 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅದೇ ವರ್ಷ ಮೊಣಕೈ ಆಪರೇಷನ್. ಎದ್ದು ಬಂದು 2019ರ ವರ್ಲ್ಡ್ ಸೀರೀಸ್‌ನಲ್ಲಿ ಅತ್ಯಮೂಲ್ಯ ಆಟಗಾರ ಆದ. ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ ಆಯಿತು, ಆಮೇಲೆ ಎಂಟೇ ಪಂದ್ಯ ಆಡಲು ಆಯಿತು. 2001ರ ಮಾರ್ಕ್ ಪ್ರಯರ್ ಕೂಡ ಹಾಗೇ, 2003ರಲ್ಲಿ 18 ಪಂದ್ಯ ಗೆಲ್ಲಿಸಿದವನ ಕೊನೆಯ ಮೇಜರ್ ಲೀಗ್ ಪಂದ್ಯ 2006ರಲ್ಲಿ. ತೋಳು ಪ್ರಶಸ್ತಿ ನೋಡಿ ಸುಮ್ಮನಿರುವುದಿಲ್ಲ.

ಗೆದ್ದವರು ಮಿಂಚಿಯೇ ಇಲ್ಲ ಅಂತಲ್ಲ. 2013ರಲ್ಲಿ ಗೆದ್ದ ಕ್ರಿಸ್ ಬ್ರಯಂಟ್ 2014ರಲ್ಲಿ ಮೈನರ್ ಲೀಗಿನ ವರ್ಷದ ಆಟಗಾರ, 2015ರಲ್ಲಿ ಅತ್ಯುತ್ತಮ ಹೊಸಬ, 2016ರಲ್ಲಿ ಲೀಗಿನ ಎಂವಿಪಿ (ಅತ್ಯಮೂಲ್ಯ ಆಟಗಾರ), ಜೊತೆಗೆ ಆ ವರ್ಷವೇ ಕಬ್ಸ್ ತಂಡಕ್ಕೆ ವರ್ಲ್ಡ್ ಸೀರೀಸ್. ಮೆಟ್ಟಿಲು ಹತ್ತಿದ ಹಾಗೆ.

ಸರಿ, ಆಬಟ್ ವಿಷಯಕ್ಕೆ ಬರುತ್ತೇನೆ. ಮಿಷಿಗನ್ ಯೂನಿವರ್ಸಿಟಿಯ ಎಡಗೈ ಪಿಚರ್, 1987ರ ವಿಜೇತ. ಹುಟ್ಟಿನಿಂದಲೇ ಬಲಗೈಗೆ ಹಸ್ತ ಇಲ್ಲ. (ಅದೇ 1987ರಲ್ಲಿ ರಾಬಿನ್ ವೆಂಚುರಾ ಸತತ 58 ಪಂದ್ಯಗಳಲ್ಲಿ ಹಿಟ್ ಹೊಡೆದು ಕಾಲೇಜು ದಾಖಲೆ ಮಾಡಿದ್ದ, ಆದರೂ ಈ ಪ್ರಶಸ್ತಿಗೆ ಅವನು ಮುಂದಿನ ವರ್ಷದವರೆಗೆ ಕಾಯಬೇಕಾಯಿತು.) ಆಬಟ್ ಎಸೆಯುವಾಗ ಗ್ಲವ್ ಬಲತೋಳಿನ ತುದಿಯಲ್ಲಿ ಕೂತಿರುತ್ತದೆ. ಚೆಂಡು ಬಿಟ್ಟ ಕೂಡಲೇ ಎಡಗೈ ಆ ಗ್ಲವ್ ಒಳಗೆ ನುಗ್ಗುತ್ತದೆ. ಚೆಂಡು ತಿರುಗಿ ಬಂದರೆ ಹಿಡಿದು, ಗ್ಲವ್ ಕಂಕುಳಲ್ಲಿ ಅವುಚಿ, ಚೆಂಡು ಎಳೆದು ಎಸೆಯಬೇಕು. ಎದುರಾಳಿಗಳು ಬೇಕಂತಲೇ ಚೆಂಡನ್ನು ಮೆಲ್ಲಗೆ ತಟ್ಟಿ ಅವನ ಕಡೆ ಉರುಳಿಸಿ ನೋಡುತ್ತಿದ್ದರು. ಅವನು ಹಿಡಿದು ಔಟ್ ಮಾಡುತ್ತಿದ್ದ.

ಆ ವರ್ಷ ಹವಾನಾಕ್ಕೇ ಹೋಗಿ ಕ್ಯೂಬಾ ತಂಡವನ್ನು ಸೋಲಿಸಿದ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ ಪೂರ್ತಿ ಪಂದ್ಯ ಒಬ್ಬನೇ ಎಸೆದು ಗೆಲ್ಲಿಸಿದ, ಆಗಿನ್ನೂ ಬೇಸ್‌ಬಾಲ್ ಅಲ್ಲಿ ಪ್ರದರ್ಶನ ಕ್ರೀಡೆ. ಮರುವರ್ಷ ಮೈನರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡದೆ ನೇರ ಏಂಜಲ್ಸ್ ತಂಡಕ್ಕೆ. ಆದರೆ ಒಟ್ಟು ಲೆಕ್ಕ ನೋಡಿದರೆ 87 ಗೆಲುವು, 108 ಸೋಲು. 1996ರಲ್ಲಂತೂ 2 ಗೆದ್ದು 18 ಸೋತ. ಬರೀ ಅಂಕಿ ನೋಡುವವರು ಇವನನ್ನು ಸಾಧಾರಣ ಅನ್ನುತ್ತಾರೆ, ಅನ್ನಲಿ.

1993ರ ಸೆಪ್ಟೆಂಬರ್ 4ರಂದು ಯಾಂಕೀಸ್ ಪರವಾಗಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡಲಿಲ್ಲ. ಅದರ ವಿಡಿಯೋ ಸುಲಭವಾಗಿ ಸಿಗುತ್ತದೆ. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಬಿಟ್ಟ ಮರುಕ್ಷಣ ಗ್ಲವ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ನನಗೆ ಮೊದಲ ಸಲ ಕಾಣಿಸಲೇ ಇಲ್ಲ, ಹಿಂದೆ ಓಡಿಸಿ ಮತ್ತೆ ನೋಡಬೇಕಾಯಿತು.