ವ್ಯಾಪಾರ ನೀತಿ ಓದಲು ವಾಷಿಂಗ್ಟನ್‌ಗೆ ಬರುವ ಮುಂಚೆ

ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನೀತಿ ಓದಲು ಸೀಟು ಸಿಕ್ಕಿದೆ, ಅಲ್ಲಿನ ಬದುಕು ಹೇಗೆ, ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನೂ ಇದನ್ನೇ ಓದಲು ಬಂದವನು. ಹತ್ತು ವರ್ಷ ದಾಟಿತು.

ಮೊದಲು ನಿಮ್ಮ ಐ-20ಯಲ್ಲಿ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರ) ಕೋರ್ಸಿನ ಕೋಡ್ ನೋಡಿ. ಓದು ಮುಗಿದ ಮೇಲೆ ಕೆಲಸ ಮಾಡಲು ಒಪಿಟಿ ಎಂಬ ಅನುಮತಿಯಲ್ಲಿ 12 ತಿಂಗಳು ಸಿಗುತ್ತದೆ. ಕೋರ್ಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಅಂತರರಾಷ್ಟ್ರೀಯ ಸಂಬಂಧಗಳ ಕೋಡ್ 45.0901, ಅದು ಪಟ್ಟಿಯಲ್ಲಿಲ್ಲ. ಎಕನಾಮೆಟ್ರಿಕ್ಸ್‌ನದು (ಅರ್ಥಶಾಸ್ತ್ರವನ್ನು ಅಂಕಿಅಂಶಗಳಿಂದ ಅಳೆಯುವ ಓದು) 45.0603, ಅದು ಇದೆ. ನಾನು ಇದನ್ನು ನೋಡದೆ ಬಂದೆ. ಒಂದೇ ವರ್ಷದಲ್ಲಿ ಕೆಲಸ ಹುಡುಕುವ ಹೊತ್ತಿಗೆ ನಿದ್ದೆಯೇ ಹೋಗಿತ್ತು. ಸರ್ಕಾರಿ ಇಲಾಖೆಗಳ ಕೆಲಸ ಹೆಚ್ಚುಕಡಿಮೆ ಇಲ್ಲಿನ ಪ್ರಜೆಗಳಿಗೇ ಮೀಸಲು, ಆ ಆಸೆ ಇಟ್ಟುಕೊಳ್ಳಬೇಡಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಬರುವ ಮುಂಚೆ ಇನ್ನೊಮ್ಮೆ ಕೇಳಿಕೊಳ್ಳಿ.

ಇನ್ನು ಓದಿನ ಮಾತು. ಕೆಲಸಕ್ಕೆ ಬಾಗಿಲು ಕಿರಿದು, ನಿಜ. ಆದರೆ ಕಾಗದಪತ್ರಗಳ ಬಾಗಿಲು ನಮಗೂ ಪೂರ್ತಿ ತೆರೆದಿದೆ. ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿ ರಾಷ್ಟ್ರೀಯ ಪತ್ರಾಗಾರವಿದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಅದರಿಂದ ಒಂದೇ ಫೈಲ್. ವ್ಯಾಪಾರ ಬೇರೆ, ವಿದೇಶಾಂಗ ಬೇರೆ ಎಂದು ಕ್ಲಾಸಿನಲ್ಲಿ ಕಲಿತದ್ದು ನನ್ನ ಮಟ್ಟಿಗೆ ಆ ಮೇಜಿನ ಮೇಲೆ ಸುಳ್ಳಾಯಿತು.

ಕೋಳಿ ಕಥೆಯನ್ನೇ ನೋಡಿ. 1962ರಲ್ಲಿ ಯುರೋಪಿನ ಸಾಮಾನ್ಯ ಮಾರುಕಟ್ಟೆ ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಏರಿಸಿತು. ಪಶ್ಚಿಮ ಜರ್ಮನಿಗೆ ಹೋಗುತ್ತಿದ್ದ ಕೋಳಿಯ ರಫ್ತು ಕುಸಿಯಿತು. 1963ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಪಶ್ಚಿಮ ಬರ್ಲಿನ್‌ಗೆ ಹೋಗಿ, ನಿಮ್ಮ ಜೊತೆಗಿದ್ದೇವೆ ಎಂದು ಭಾಷಣ ಮಾಡಿ ಬಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅವರ ನಂತರ ಅಧ್ಯಕ್ಷರಾದ ಜಾನ್ಸನ್ ಸೇಡಿಗೆ ಸುಂಕ ಹಾಕಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ, ಮತ್ತೆ ಸಣ್ಣ ಟ್ರಕ್. ಟ್ರಕ್ಕಿನ ಮೇಲೆ 25%, ಪೆಟ್ಟು ಬಿದ್ದದ್ದು ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ. ಮಿತ್ರದೇಶವೇ, ಆದರೂ! ಉಳಿದ ಸುಂಕಗಳು ಆಮೇಲೆ ಹೋದವು, ಟ್ರಕ್ಕಿನದು ಉಳಿದುಕೊಂಡಿತು. ಜಗಳಕ್ಕೆ ಕಾರಣವಾದ ಕೋಳಿಯನ್ನು ಎಲ್ಲರೂ ಮರೆತರು. ಆದರೆ ಆ ಸುಂಕದ ಮರೆಯಲ್ಲಿ ಇಲ್ಲಿನ ಟ್ರಕ್ ಕಂಪನಿಗಳು ಬೆಳೆದಿದ್ದವು, ಅದನ್ನು ತೆಗೆಯಲು ಯಾರೂ ಬಿಡಲಿಲ್ಲ. ದೊಡ್ಡ ಸಿದ್ಧಾಂತ ಎಷ್ಟು ಓದಿದರೂ ನನಗೆ ಇಷ್ಟು ಅರ್ಥವಾಗಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಸುಂಕದ ಪಟ್ಟಿಯನ್ನು ಸಾಲುಸಾಲಾಗಿ ಓದುವುದನ್ನು ಬೇಗ ಕಲಿಯಿರಿ.

ಸುಂಕದ ಬಗ್ಗೆ ಸರ್ಕಾರ ಜನರ ಮಾತು ಕೇಳುವ ಸಾರ್ವಜನಿಕ ವಿಚಾರಣೆಗಳಿಗೂ ಹೋಗಿ. 2018ರ ಆಗಸ್ಟ್‌ನಲ್ಲಿ ಚೀನಾದ 20,000 ಕೋಟಿ ಡಾಲರ್ ಸರಕಿನ ಮೇಲೆ ಸುಂಕ ಹಾಕುವ ಬಗ್ಗೆ ದಿನಗಟ್ಟಲೆ ವಿಚಾರಣೆ ನಡೆಯಿತು. ಒಬ್ಬೊಬ್ಬರಿಗೆ ಐದು ನಿಮಿಷ. ಪೀಠೋಪಕರಣ, ಸೈಕಲ್ ವ್ಯಾಪಾರದವರೂ ಬಂದು ಅಹವಾಲು ಹೇಳಿಕೊಂಡರು. ಕೆಲವರು ಸುಂಕ ಬೇಕೇ ಬೇಕು ಎಂದರು. 'ಅಮೆರಿಕ ಹೀಗೆ ನಿರ್ಧರಿಸಿತು' ಎಂದು ಬರೆಯುವಾಗ ನನ್ನ ಕೈ ಈಗ ತಡೆಯುತ್ತದೆ. ಅಮೆರಿಕ ಅಂದರೆ ಅಲ್ಲಿ ಯಾರು, ಅಲ್ವಾ?

ಬಂದ ಮೊದಲ ವಾರವೇ ಪಾಸ್‌ಪೋರ್ಟ್ ಹಿಡಿದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ. ಓದುಗರ ಕಾರ್ಡ್ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.